ಪ್ಲೀ ಬಾರ್ಗೇನಿಂಗ್ ಅರ್ಜಿಗೆ ಸಹಿ ಹಾಕುವ ಮೊದಲು ಅಪೀಲಿನ ಬಗ್ಗೆ ಕೇಳಿ

ಮುಂಬಯಿಯ ಹೋಟೆಲು, ಅಂಗಡಿ, ಗೋದಾಮುಗಳಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರೂ ಅವರ ಮನೆಯವರೂ ಇದನ್ನು ದಯವಿಟ್ಟು ಓದಿ. ಪ್ಲೀ ಬಾರ್ಗೇನಿಂಗ್ ಎಂದರೆ ಆರೋಪಿ ತಪ್ಪೊಪ್ಪಿಕೊಂಡು, ದೂರುದಾರರ ಜೊತೆ ಒಪ್ಪಂದಕ್ಕೆ ಬಂದು, ಕಡಿಮೆ ಶಿಕ್ಷೆ ಪಡೆಯುವುದು.

ನನ್ನ ಅಕ್ಕನ ಮಗ ಅಂಧೇರಿಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ. ಲೆಕ್ಕದಲ್ಲಿ ಹಣ ಕಡಿಮೆ ಬಂತೆಂದು ಮಾಲೀಕರು ಅವನ ಮೇಲೆ ಕಳ್ಳತನದ ದೂರು ಕೊಟ್ಟರು. ನೌಕರ ಮಾಡುವ ಕಳ್ಳತನಕ್ಕೆ 7 ವರ್ಷದವರೆಗೆ ಶಿಕ್ಷೆಯಿದೆ. ಜಾಮೀನಿಗೆ ನಿಲ್ಲುವವರು ಸಿಗದೆ ಹುಡುಗ ಜೈಲಿನಲ್ಲೇ ಉಳಿದ. ಚಾರ್ಜ್ ಫ್ರೇಮ್ ಆದ (ಕೋರ್ಟು ಆರೋಪ ನಿಗದಿ ಮಾಡಿದ) ಮೇಲೆ ವಕೀಲರು, "ಮಾಲೀಕರಿಗೆ ಹಣ ಕೊಟ್ಟು ಸೆಟಲ್ ಮಾಡಿಬಿಡೋಣ, ಬೇಗ ಮನೆಗೆ ಬರ್ತಾನೆ" ಎಂದರು. ಅಕ್ಕ ಬಳೆ ಅಡವಿಟ್ಟಳು. ಮರಾಠಿಯಲ್ಲಿದ್ದ ಪ್ಲೀ ಬಾರ್ಗೇನಿಂಗ್ ಅರ್ಜಿಗೆ ಹುಡುಗ ಸಹಿ ಹಾಕಿದ. ಪ್ರೊಬೇಷನ್ ಮೇಲೆ, ಅಂದರೆ ಒಳ್ಳೆಯ ನಡತೆಯ ಷರತ್ತಿನ ಮೇಲೆ, ಬಿಟ್ಟರು.

ಆಮೇಲೆ ಬಯಲಾಯಿತು: ಬಿಲ್ಲಿಂಗ್ ಮೆಷಿನ್‌ನಲ್ಲಿ ಬಿಲ್ ಕ್ಯಾನ್ಸಲ್ ಮಾಡಿ ಹಣ ಹೊಡೆಯುತ್ತಿದ್ದವನು ಬೇರೊಬ್ಬ. ಅಪೀಲು ಹಾಕೋಣವೆಂದು ಇನ್ನೊಬ್ಬ ವಕೀಲರ ಹತ್ತಿರ ಹೋದೆವು. ಅವರು ತೀರ್ಪು ಓದಿ ತಲೆಯಾಡಿಸಿದರು. ಕ್ರಿಮಿನಲ್ ಕೇಸು ಹೇಗೆ ನಡೆಯಬೇಕೆಂದು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 295ನೇ ಕಲಂ ಪ್ರಕಾರ ಪ್ಲೀ ಬಾರ್ಗೇನಿಂಗ್ ತೀರ್ಪೇ ಅಂತಿಮ. ಸೆಷನ್ಸ್ ಕೋರ್ಟಿಗೆ ಅಪೀಲಿಲ್ಲ. ಉಳಿಯುವುದು ಸಂವಿಧಾನದ 226, 227ನೇ ವಿಧಿಯಡಿ ಹೈಕೋರ್ಟಿಗೆ ರಿಟ್, ಇಲ್ಲವೇ 136ನೇ ವಿಧಿಯಡಿ ಸುಪ್ರೀಂ ಕೋರ್ಟು. ಅಲ್ಲಿ ಸಾಮಾನ್ಯವಾಗಿ ಸಾಕ್ಷ್ಯವನ್ನು ಮೊದಲಿಂದ ತೂಗಿ ನೋಡುವುದಿಲ್ಲ. ಪ್ಲೀ ಬಾರ್ಗೇನಿಂಗ್ ಇಲ್ಲದೆ ನೇರವಾಗಿ ತಪ್ಪೊಪ್ಪಿಕೊಂಡವನಿಗಾದರೂ ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆ ಹೆಚ್ಚಾಯಿತೆಂದು ಅಪೀಲು ಹೋಗುವ ದಾರಿ ಇರುತ್ತದೆ. ನಮ್ಮ ಹುಡುಗನಿಗೆ ಅದೂ ಇಲ್ಲ. ಇದನ್ನು ಸಹಿಗೆ ಮುಂಚೆ ಹೇಳದೇ ಇದ್ದದ್ದು ಘೋರ ಅನ್ಯಾಯ.

ಇನ್ನೊಂದು ವಿಷಯ. ಕೆಲವು ಅಪರಾಧಗಳಲ್ಲಿ ದೂರುದಾರರ ಜೊತೆ ರಾಜಿಯಾದರೆ ಅದು ಖುಲಾಸೆಗೆ ಸಮ. ಪ್ಲೀ ಬಾರ್ಗೇನಿಂಗ್ ಹಾಗಲ್ಲ, ಅಪರಾಧಿ ಎಂದೇ ತೀರ್ಪಾಗುತ್ತದೆ. ಶಿಕ್ಷೆ ಮಾತ್ರ ತಗ್ಗುತ್ತದೆ. ಮೊದಲ ಸಲದ ಆರೋಪಿಗೆ ಆರನೇ ಒಂದು ಭಾಗಕ್ಕೂ ಇಳಿಯಬಹುದು. ಹಣ ಎರಡರಲ್ಲೂ ಕೊಡಬೇಕಾಗಬಹುದು, ಹಾಗಾಗಿ ಮನೆಯವರಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಈಗ ಹುಡುಗ ಎಲ್ಲಿ ಕೆಲಸ ಕೇಳಿದರೂ ಪೊಲೀಸ್ ವೆರಿಫಿಕೇಷನ್ ಎಂದರೆ ಹೆದರುತ್ತಾನೆ.

ಚಾರ್ಜ್ ಫ್ರೇಮ್ ಆದ 30 ದಿನದೊಳಗೆ ಅರ್ಜಿ ಹಾಕಬೇಕೆಂಬ ನಿಯಮ ತೋರಿಸಿ ಅವಸರ ಮಾಡುತ್ತಾರೆ. ಅರ್ಜಿ ಹಾಕುವುದು ಕಡ್ಡಾಯವಲ್ಲ. ಹಾಕಿದರೆ ನ್ಯಾಯಾಧೀಶರು ಎದುರು ಪಕ್ಷದವರನ್ನು ಹೊರಗಿಟ್ಟು, ಸ್ವಂತ ಇಚ್ಛೆಯಿಂದ ಒಪ್ಪಿದ್ದೀಯಾ ಎಂದು ಆರೋಪಿಯನ್ನೇ ಕೇಳುತ್ತಾರೆ. ಅರ್ಥವಾಗದಿದ್ದರೆ, ಒತ್ತಾಯವಿದ್ದರೆ ಅಲ್ಲೇ ಹೇಳಬೇಕು, ಕನ್ನಡ ಬಲ್ಲ ದುಭಾಷಿ ಬೇಕೆಂದು ಕೇಳಬೇಕು. ಇಚ್ಛೆಯಿಂದಲ್ಲ ಎಂದು ಕಂಡರೆ ಕೇಸು ವಿಚಾರಣೆಗೇ ವಾಪಸಾಗುತ್ತದೆ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಕಾನೂನು ನೆರವಿನ ಸಹಾಯವಾಣಿ 15100. ಸಹಿಗೆ ಮುಂಚೆ ಅಲ್ಲಿ ಒಮ್ಮೆ ಕೇಳಿ.

ಒಪ್ಪಿಗೆ ತಿಳಿದು ಕೊಟ್ಟದ್ದಲ್ಲ ಎಂದು ಬಾಂಬೆ ಹೈಕೋರ್ಟಿಗೆ ರಿಟ್ ಹಾಕಲು ನಾವೀಗ ಕಾಗದಪತ್ರ ಕೂಡಿಸುತ್ತಿದ್ದೇವೆ.