ಹಳೆಯ ಮಾರುತಿ 800ಕ್ಕೆ ಬಿಡಿಭಾಗ: ಜೆ.ಸಿ. ರಸ್ತೆಯ ಹೊಸದೋ, ಶಿವಾಜಿನಗರದ ಗುಜರಿಯದೋ?

2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಕಾರನ್ನು ಮನೆಯಲ್ಲೇ ದುರಸ್ತಿ ಮಾಡಿಕೊಳ್ಳಲು ಹೊರಟಿರುವ ನೀವು, ಬಿಡಿಭಾಗಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದಾಗಿ ಕೊಳ್ಳಬೇಕೋ ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕೋ ಎಂದು ಕೇಳಿದ್ದೀರಿ.

ಬೆಲೆಯೊಂದನ್ನೇ ನೋಡಿದರೆ ಗುಜರಿಯೇ ಅಗ್ಗ. ಚೌಕಾಸಿ ಬಲ್ಲವರಿಗೆ ಇನ್ನೂ ಅಗ್ಗ.

ಬಾಳಿಕೆಯ ಮಾತು ಬೇರೆ. ಬಾಗಿಲಿನ ಗಾಜು, ಹಿಡಿಕೆ, ಬಂಪರ್‌ಗಳು ಬಳಸಿದವಾದರೂ ಬಿರುಕಿಲ್ಲದಿದ್ದರೆ ವರ್ಷಗಟ್ಟಲೆ ನಡೆಯುತ್ತವೆ. ಆದರೆ ರಬ್ಬರು ಓಡದೆ ಬಿದ್ದಿದ್ದರೂ ಹಳತಾಗಿ ಗಡುಸಾಗುವುದರಿಂದ, ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಕವಾಟಗಳನ್ನು ನಡೆಸುವ ಪಟ್ಟಿ) ಮತ್ತು ಬ್ರೇಕಿನ ಹೋಸ್‌ಗಳನ್ನು ಹೊಸದಾಗಿಯೇ ಕೊಳ್ಳಬೇಕು. ಬ್ರೇಕ್ ಪ್ಯಾಡಿನಲ್ಲಿ ಉಳಿತಾಯ ಮಾಡುವುದನ್ನು ನಾನಂತೂ ಒಪ್ಪುವುದಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಇವೆರಡರ ನಡುವಿನದು: ಬ್ರಷ್ ಮತ್ತು ಬೇರಿಂಗ್ ಬದಲಿಸಲು ಕೈ ಪಳಗಿದ್ದರೆ ಗುಜರಿಯದು ಸಾಕು, ದಿನವೂ ಕಚೇರಿಗೆ ಇದೇ ಕಾರು ಬೇಕೆನ್ನುವವರಿಗೆ ಹೊಸದೇ ವಾಸಿ.

ಜೋಡಿಸುವ ಸುಲಭತೆಯಲ್ಲಿ ಬಿಲ್ಲಿನೊಂದಿಗೆ ಕೊಂಡ ಹೊಸ ಭಾಗಕ್ಕೆ ಅನುಕೂಲ ಹೆಚ್ಚು, ಏಕೆಂದರೆ ಹೊಂದದಿದ್ದರೆ ಬದಲಾಯಿಸಿಕೊಡುವಂತೆ ಕೇಳಬಹುದು. ಕಾರ್ಬ್ಯುರೇಟರಿನಲ್ಲಿ ಗಾಳಿ-ಪೆಟ್ರೋಲ್ ಬೆರೆಸುವ ಗಾಡಿಗೂ ಎಂಪಿಎಫ್ಐ (ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿಗೂ ಇಂಧನ ವ್ಯವಸ್ಥೆಯ ಭಾಗಗಳು ಬೇರೆಯಾದ್ದರಿಂದ, ಎಲ್ಲಿಗೆ ಹೋದರೂ ಬಿಚ್ಚಿದ ಹಳೆಯ ಭಾಗವನ್ನು ಚೀಲದಲ್ಲಿ ಒಯ್ದು, ಪಕ್ಕದಲ್ಲಿಟ್ಟು ಹೋಲಿಸಿಯೇ ಹಣ ಕೊಡಿ.