ವೆಬ್‌ಸೈಟ್ ಮಾಡಿಕೊಳ್ಳುವ ಸೇವೆ: ಮೂರು ವರ್ಷ ದುಡ್ಡು ಕಟ್ಟಿದ ಮೇಲೆ (5ಕ್ಕೆ 3.5)

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್. ಹನ್ನೆರಡು ಮಷೀನು, ಬರೀ ಹೋಲ್‌ಸೇಲ್. 2022ರ ಕೊನೆಗೆ ಈ ಸೇವೆ ತಗೊಂಡೆ. ವರ್ಷಕ್ಕೊಮ್ಮೆ ದುಡ್ಡು ಕಟ್ಟಬೇಕು, ಅವರು ಕೊಡುವ ರೆಡಿಮೇಡ್ ಡಿಸೈನ್‌ನಲ್ಲಿ ನಮ್ಮ ಸೈಟ್ ನಾವೇ ಮಾಡಿಕೊಳ್ಳಬೇಕು. ಕಂಪನಿ ಹೆಸರು ಬೇಡ ಬಿಡಿ.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಮೊದಲ ಪುಟದಲ್ಲಿ ಬಳ್ಳಾರಿ ಕೋಟೆಯ ದೊಡ್ಡ ಫೋಟೊ ಹಾಕಿದ್ದೆ. ಅದರ ಕೆಳಗೆ ಅಪ್ಪನ ಫೋಟೊ, ಆಮೇಲೆ ‘ನಮ್ಮ ಬಗ್ಗೆ’ ಅಂತ ಉದ್ದದ ಪುರಾಣ. ನೆಂಟರೆಲ್ಲ ನೋಡಿ ಖುಷಿಪಟ್ಟರು. ಆರ್ಡರ್ ಮಾತ್ರ ಒಂದೂ ಬರಲಿಲ್ಲ. ಸೈಟ್ ನೋಡಿದ ಅಂಗಡಿಯವರೂ ಫೋನ್ ಮಾಡಿ ಹಳೇ ಪ್ರಶ್ನೆಯನ್ನೇ ಕೇಳುತ್ತಿದ್ದರು: “ಅಣ್ಣಾ, ಸೆಟ್‌ಗೆ ಎಷ್ಟು ಪೀಸು? ಬಟ್ಟೆ ಎಷ್ಟು ಔನ್ಸು?”

ಆಮೇಲೆ ಒಂದು ತಿಂಗಳು ಫೋನಿನ ಪಕ್ಕ ನೋಟ್‌ಬುಕ್ ಇಟ್ಟೆ. ಬಂದ ಪ್ರಶ್ನೆ ಬರೆಯುವುದು, ಅದೇ ಮತ್ತೆ ಬಂದರೆ ಒಂದು ಗೀಟು ಎಳೆಯುವುದು. ಸೆಟ್‌ನಲ್ಲಿ ಯಾವ ಸೈಜು ಎಷ್ಟೆಷ್ಟು, ಕಮ್ಮಿ ಅಂದ್ರೆ ಎಷ್ಟು ಪೀಸು ತಗೋಬೇಕು, ಒಗೆದರೆ ಬಣ್ಣ ಬಿಡುತ್ತಾ, ಲಾರಿ ಬಾಡಿಗೆ ಯಾರದು, ಹೊಲಿಗೆ ಬಿಟ್ಟ ಮಾಲು ವಾಪಸ್ ತಗೋತೀರಾ. ಗೀಟೆಲ್ಲ ಇವಕ್ಕೇ. ಕೋಟೆ ಬಗ್ಗೆ ಒಬ್ಬರೂ ಕೇಳಿರಲಿಲ್ಲ.

ಆ ನೋಟ್‌ಬುಕ್ಕೇ ಹೊಸ ಸೈಟ್ ಆಯಿತು. ಇಲ್ಲಿ ಸೇವೆಗೆ ಪೂರ್ತಿ ಅಂಕ ಕೊಡ್ತೀನಿ. ಎಲ್ಲ ಕಿತ್ತು ಮತ್ತೆ ಜೋಡಿಸಲು ಒಂದೇ ಭಾನುವಾರ ಸಾಕಾಯಿತು, ಕೋಡಿಂಗ್ ಗಂಧ ಗಾಳಿ ಬೇಕಾಗಲಿಲ್ಲ. ಈಗ ಪ್ರತಿ ಪ್ಯಾಂಟಿನ ಕೆಳಗೆ 28ರಿಂದ 36ರವರೆಗಿನ ಸೆಟ್, ಸೊಂಟ ಮತ್ತು ತೊಡೆಯ ಅಳತೆ ಇಂಚಿನಲ್ಲಿ, ಬಟ್ಟೆಯ ಔನ್ಸ್. ಔನ್ಸ್ ಅಂದರೆ ಒಂದು ಚದರ ಗಜ ಬಟ್ಟೆಯ ತೂಕ. ಒಂದು ಔನ್ಸ್‌ಗೆ ಚದರ ಮೀಟರಿಗೆ ಸುಮಾರು 34 ಗ್ರಾಂ ಲೆಕ್ಕ. ದಪ್ಪ ಇದ್ದರೇ ಕ್ವಾಲಿಟಿ ಅಂತ 14 ಔನ್ಸ್ ಕೇಳುವವರು ಇನ್ನೂ ಇದ್ದಾರೆ. ನಮ್ಮ ಬಿಸಿಲಿಗೆ ಅದನ್ನು ಯಾರು ಹಾಕ್ತಾರೆ? ಅದನ್ನೂ ಅಲ್ಲೇ ಬರೆದಿದ್ದೇನೆ. ಫೋನಿನಲ್ಲಿ ವಾದ ಮಾಡುವುದು ತಪ್ಪಿತು.

ನನ್ನ ನಂಬರ್ ಮೊದಲು ವಿಸಿಟಿಂಗ್ ಕಾರ್ಡ್ ಫೋಟೊದೊಳಗಿತ್ತು. ಗಿರಾಕಿ ಅದನ್ನು ನೋಡಿ ಬರೆದುಕೊಂಡು ಒತ್ತಬೇಕು! ಈಗ ಮುಟ್ಟಿದರೆ ಕಾಲ್ ಹೋಗುತ್ತದೆ. ಕನ್ನಡದ್ದೂ ಒಂದು ಎಡವಟ್ಟು. ಡಿಟಿಪಿ ಅಂಗಡಿಯಲ್ಲಿ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದನ್ನು ಹಾಗೇ ಅಂಟಿಸಿದ್ದೆ. ಪರದೆ ಮೇಲೆ ಬಂದದ್ದು ಅರ್ಥವಾಗದ ಇಂಗ್ಲಿಷ್ ಅಕ್ಷರ. ಯುನಿಕೋಡ್‌ಗೆ (ಯಾವ ಫೋನಿನಲ್ಲೂ ಕನ್ನಡವಾಗೇ ಕಾಣುವ ಅಕ್ಷರ ಪದ್ಧತಿ) ಬದಲಾಯಿಸಿದ ಮೇಲೆ ಓದಲು ಬಂತು, ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದವರಿಗೂ ಸಿಕ್ಕಿತು.

2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಬಟ್ಟೆಗೆ ಜಿಎಸ್‌ಟಿ 5% ಆಯಿತಲ್ಲ, ಮೊದಲು ಸಾವಿರ ದಾಟಿದರೆ 12% ಇತ್ತು. ಅವತ್ತು ಬೆಳಿಗ್ಗೆ ಟೀ ಕುಡಿಯುತ್ತಾ ಫೋನಿನಲ್ಲೇ ದರ ತಿದ್ದಿದೆ. ಬೇರೆಯವರ ಕೈಲಿ ಸೈಟ್ ಮಾಡಿಸಿದ್ದ ಗೆಳೆಯನದ್ದು ದೀಪಾವಳಿ ಕಳೆದರೂ ಹಳೇ ದರದಲ್ಲೇ ಇತ್ತು.

ಇನ್ನು ಬೈಯುವುದು. ಮೊದಲ ವರ್ಷ ಅಗ್ಗ, ಎರಡನೇ ವರ್ಷ ಹೆಚ್ಚುಕಮ್ಮಿ ಡಬಲ್. ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದರು. 5 ಎಂಬಿ ಫೋಟೊ ಹಾಕಿದರೂ ಸುಮ್ನೆ ಒಪ್ಪಿಕೊಳ್ಳುತ್ತದೆ, ಎಚ್ಚರಿಸುವುದಿಲ್ಲ. ಸಿಗ್ನಲ್ ಕಮ್ಮಿ ಇರುವ ಹಳ್ಳಿಗಳಲ್ಲಿ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಹೋಗಿರುತ್ತಾನೆ. ನಾನೇ ಒಂದೊಂದನ್ನೂ 200 ಕೆಬಿ ಒಳಗೆ ಇಳಿಸಿದೆ. ಡೊಮೇನ್, ಅಂದರೆ ಸೈಟಿನ ವಿಳಾಸವನ್ನು ಮಾತ್ರ ನಿಮ್ಮದೇ ಈಮೇಲ್‌ನಲ್ಲಿ ತಗೊಳ್ಳಿ. ನನ್ನದು ಸೆಟಪ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿತ್ತು. ಅವನು ಬೆಂಗಳೂರಿಗೆ ಹೋದ ಮೇಲೆ ಅದನ್ನು ವಾಪಸ್ ಪಡೆಯಲು ಎರಡು ತಿಂಗಳು ಅಲೆದೆ. ಇದರಲ್ಲಿ ಕಂಪನಿ ತಪ್ಪಿಲ್ಲ.

ನಮ್ಮ ಗಿರಾಕಿಗಳಲ್ಲಿ ಅನಂತಪುರ, ಕರ್ನೂಲಿನವರೂ ಜಾಸ್ತಿ. ಅವರಿಗೆ ತೆಲುಗು ಪುಟ ಬೇಕು. ಎರಡನೇ ಭಾಷೆ ಬೇಕಂದರೆ ದುಬಾರಿ ಪ್ಲಾನಿಗೆ ಹೋಗಿ ಅಂತಾರೆ. ಹಾಗಾಗಿ ಸದ್ಯಕ್ಕೆ ಇದೇ ಪ್ಲಾನಿನಲ್ಲಿ ಒಂದು ಪುಟ ಜಾಸ್ತಿ ಮಾಡಿ, ನಮ್ಮ ಕಟಿಂಗ್ ಮಾಸ್ಟರ್ ಹೇಳಿಕೊಟ್ಟ ತೆಲುಗನ್ನು ಅಲ್ಲಿ ಹಾಕಿದ್ದೇನೆ.