ಸೆಸ್ನಾ 172ಎಸ್: ವರ್ಷಗಳ ಹಾರಾಟದ ನಂತರದ ಅಭಿಪ್ರಾಯ

ನಾಲ್ಕು ಸೀಟಿನ ಸಣ್ಣ ವಿಮಾನವಾದ ಸೆಸ್ನಾ 172ರ ಬಗ್ಗೆ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ: ಅದು ಕಲಿಯುವವರ ವಿಮಾನ, ಅದು ನಿಧಾನದ ವಿಮಾನ. ಎರಡೂ ನಿಜ. ಆದರೆ ಇದರಲ್ಲೇ ಹಾರಾಟ ಕಲಿತು, ಪರವಾನಗಿ ಸಿಕ್ಕ ಮೇಲೂ ವರ್ಷಗಳ ಕಾಲ ಇದನ್ನೇ ಹಾರಿಸುತ್ತಾ ಬಂದಿರುವ ನನಗೆ ಅಷ್ಟು ಸಾಲದು. ಇದರ ನಿಜವಾದ ಗುಣ ಬೇರೆ ಇದೆ. ಏನಾದರೂ ಕೆಡುವ ಮೊದಲು ಈ ವಿಮಾನ ಬಹುಪಾಲು ಸಲ ಸೂಚನೆ ಕೊಡುತ್ತದೆ, ಅದೂ ನಮ್ಮ ಕಣ್ಣು, ಕಿವಿ, ಕೈಗೆ ಸಿಗುವ ಹಾಗೆ. ಆ ಸೂಚನೆಗಳನ್ನು ಗಮನಿಸುವ ತಾಳ್ಮೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಸಣ್ಣ ವಿಮಾನವನ್ನು ನಾನು ಹೇಳಲಾರೆ.

ನಾನು ಹೆಚ್ಚಾಗಿ ಹಾರಿಸಿರುವುದು 180 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ಇರುವ 172ಎಸ್ ಮಾದರಿಯನ್ನು. ಕಾರ್ಬ್ಯುರೇಟರ್ (ಗಾಳಿಗೆ ಇಂಧನ ಬೆರೆಸುವ ಭಾಗ) ಇರುವ ಹಳೆಯ ಮಾದರಿಗಳ ಪರಿಚಯವೂ ಇದೆ. 172 ಮೊದಲು ಹಾರಿದ್ದು 1955ರಲ್ಲಿ. 1986ರಲ್ಲಿ ನಿಂತ ತಯಾರಿಕೆ ಸುಮಾರು ಹತ್ತು ವರ್ಷಗಳ ನಂತರ ಮತ್ತೆ ಶುರುವಾಯಿತು. ಇದುವರೆಗೆ 44,000ಕ್ಕೂ ಹೆಚ್ಚು ವಿಮಾನಗಳು ಹೊರಬಂದಿವೆ. ಜಗತ್ತಿನಲ್ಲಿ ಬೇರೆ ಯಾವ ಮಾದರಿಯ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ. ಬಳಸುವವರಿಗೆ ಇದರಿಂದ ಆಗುವ ದೊಡ್ಡ ಲಾಭವೆಂದರೆ, ಸಣ್ಣ ವಿಮಾನಗಳನ್ನು ರಿಪೇರಿ ಮಾಡುವ ಯಾವ ಮೆಕ್ಯಾನಿಕ್‌ಗೂ ಇದು ಹೊಸದಲ್ಲ.

ಸಣ್ಣ ವಿಮಾನದ ಪೈಲಟ್‌ನ ದಿನ ಆಕಾಶದಲ್ಲಿ ಶುರುವಾಗುವುದಿಲ್ಲ. ರೆಕ್ಕೆಯ ಕೆಳಗೆ ಬಗ್ಗಿ ನಿಂತು ಪಾರದರ್ಶಕ ಕೊಳವೆಗೆ ಇಂಧನ ಹಿಡಿಯುವುದರಿಂದ ಶುರುವಾಗುತ್ತದೆ. 172ಎಸ್‌ನಲ್ಲಿ ಪ್ರತಿ ರೆಕ್ಕೆಯ ಕೆಳಗೆ ಐದು, ಎಂಜಿನ್ನಿನ ಕೆಳಭಾಗದಲ್ಲಿ ಮೂರು, ಹೀಗೆ ಒಟ್ಟು 13 ಕಡೆ ಇಂಧನ ತೆಗೆದು ನೋಡಬೇಕು. ಅವಸರದಲ್ಲಿರುವ ದಿನ ಇದು ಅತಿಯಾಯಿತು ಅನಿಸುತ್ತದೆ. ಆದರೂ ಒಂದನ್ನೂ ಬಿಡಬೇಡಿ. ಸೀಸ ಬೆರೆತ 100ಎಲ್ಎಲ್ ಇಂಧನಕ್ಕೆ ತಿಳಿನೀಲಿ ಬಣ್ಣ ಹಾಕಿರುತ್ತಾರೆ. ನೀರು ಅದಕ್ಕಿಂತ ಭಾರವಾದ್ದರಿಂದ ಕೊಳವೆಯ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂರುತ್ತದೆ. ಕೊಳವೆಯ ತುಂಬ ನೀರೇ ಬಂದರೆ ಎರಡರ ನಡುವಿನ ಗೆರೆ ಕಾಣುವುದಿಲ್ಲ, ಆಗ ಬಣ್ಣ ಮತ್ತು ವಾಸನೆಯೇ ಆಧಾರ. ಇಂಧನದ ಮಟ್ಟಕ್ಕೂ ಕಾಕ್‌ಪಿಟ್ಟಿನ ಮೀಟರನ್ನು ನಾನು ನೆಚ್ಚುವುದಿಲ್ಲ. ರೆಕ್ಕೆಯ ಮೇಲಿನ ಮುಚ್ಚಳ ತೆಗೆದು, ಅಳತೆ ಕಡ್ಡಿ ಇಳಿಸಿ ನೋಡಿದ ಮೇಲೆಯೇ ನೆಮ್ಮದಿ.

ಎತ್ತರದ ರೆಕ್ಕೆಯಿಂದ ಬಿಸಿಲಿಗೂ ಮಳೆಗೂ ಒಳ್ಳೆಯ ಆಸರೆ ಸಿಗುತ್ತದೆ. ಅದರ ಹಿಂದಿನ ಅಂಚು ಮಾತ್ರ ಸರಿಯಾಗಿ ಹಣೆಯ ಮಟ್ಟಕ್ಕಿದೆ, ಎತ್ತರದವರು ಎಚ್ಚರದಿಂದಿರಬೇಕು.

ಇನ್ನು ಭಾರದ ಲೆಕ್ಕ. ಈ ವಿಮಾನವನ್ನು ಬಾಡಿಗೆಗೆ ಪಡೆಯುವವರಾಗಲಿ ಕೊಳ್ಳುವವರಾಗಲಿ ಮೊದಲು ಕೂತು ಮಾಡಬೇಕಾದ ಕೆಲಸ ಇದು. ಗರಿಷ್ಠ ಭಾರ 1,157 ಕಿಲೋ. ಖಾಲಿ ವಿಮಾನದ ತೂಕ ಕಳೆದರೆ ಹೊರಲು ಉಳಿಯುವುದು ಸುಮಾರು 400 ಕಿಲೋ; ವಿಮಾನದಲ್ಲಿರುವ ಉಪಕರಣಗಳ ಮೇಲೆ ಇದು ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ. ಟ್ಯಾಂಕ್ ತುಂಬಿಸಿದರೆ ಬಳಕೆಗೆ ಸಿಗುವ ಇಂಧನ ಸುಮಾರು 200 ಲೀಟರ್, ಅದರ ತೂಕ 144 ಕಿಲೋ. ಜನರಿಗೂ ಸಾಮಾನಿಗೂ ಸೇರಿ ಉಳಿದದ್ದು ಸುಮಾರು 255 ಕಿಲೋ. ತಲಾ 80 ಕಿಲೋದ ನಾಲ್ವರು ಕೂತರೆ 320 ಆಗುತ್ತದೆ. ಅಂದರೆ ನಾಲ್ವರೂ ಹೊರಡಬೇಕಾದರೆ ಬ್ಯಾಗುಗಳನ್ನು ಬಿಟ್ಟು, ಇಂಧನವನ್ನೂ ಸುಮಾರು 110 ಲೀಟರಿಗೆ ಇಳಿಸಬೇಕು. ಗಂಟೆಗೆ 35 ಲೀಟರ್ ಖರ್ಚಾಗುತ್ತದೆ ಎಂದುಕೊಂಡರೂ, ಮೀಸಲು ಬಿಟ್ಟು ಎರಡೂವರೆ ಗಂಟೆಗಿಂತ ದೂರದ ಊರಿನ ಯೋಚನೆ ಬೇಡ. ಹಿಂದಿನ ಸೀಟಿನಲ್ಲಿ ಭಾರ ಹೆಚ್ಚಿದಷ್ಟೂ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಅದನ್ನೂ ಬೇರೆಯಾಗಿ ನೋಡಬೇಕು. ನನ್ನ ಮಟ್ಟಿಗೆ ಇದು ಇಬ್ಬರು ದೊಡ್ಡವರು, ಒಂದಿಬ್ಬರು ಮಕ್ಕಳು, ಸ್ವಲ್ಪ ಸಾಮಾನಿನ ವಿಮಾನ. ಕೂರಲು ಬಂದ ಸ್ನೇಹಿತರನ್ನು ತೂಕ ಕೇಳುವುದು ಮುಜುಗರದ ಕೆಲಸವೇ ಸರಿ. ಕೇಳಲೇಬೇಕು, ಅವರು ಹೇಳಿದ್ದಕ್ಕೆ ಬಟ್ಟೆ, ಚಪ್ಪಲಿ, ಕೈಚೀಲದ ತೂಕವನ್ನೂ ಸೇರಿಸಬೇಕು.

ಸೆಕೆಯ ದಿನ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ತಾಪದಲ್ಲಿ, ಪೂರ್ಣ ಭಾರ ಹೊತ್ತು 15 ಮೀಟರ್ ಎತ್ತರದ ಅಡ್ಡಿಯನ್ನು ದಾಟಲು, ಓಟ ಶುರುಮಾಡಿದಲ್ಲಿಂದ ಸುಮಾರು 500 ಮೀಟರ್ ಬೇಕೆಂದು ಕೈಪಿಡಿ ಹೇಳುತ್ತದೆ. ತಾಪವೂ ನೆಲದ ಎತ್ತರವೂ ಏರಿದಂತೆ ಗಾಳಿ ತೆಳುವಾಗಿ, ಎಂಜಿನ್, ಪ್ರೊಪೆಲ್ಲರ್, ರೆಕ್ಕೆ ಮೂರೂ ಸೊರಗುತ್ತವೆ. ಇಂಥ ದಿನ ಬೆಳಿಗ್ಗೆ ಬೇಗ ಹೊರಡುವುದು, ಇಲ್ಲವೇ ಒಬ್ಬರನ್ನು ಇಳಿಸುವುದು ಬಿಟ್ಟರೆ ಮೂರನೆಯ ದಾರಿಯನ್ನು ನಾನು ಹುಡುಕುವುದಿಲ್ಲ.

ಎಂಜಿನ್ ತಣ್ಣಗಿದ್ದಾಗ ತಕರಾರಿಲ್ಲದೆ ಚಾಲೂ ಆಗುತ್ತದೆ. ಇಳಿದು, ಇಂಧನ ತುಂಬಿಸಿ, ಅರ್ಧ ಗಂಟೆಯಲ್ಲಿ ಮತ್ತೆ ಹೊರಟಾಗ ಅದರ ಸ್ವಭಾವ ಬೇರೆ. ಬಿಸಿ ಸಿಲಿಂಡರುಗಳ ಮೇಲೆ ಹಾದುಹೋಗುವ ಸಣ್ಣ ಕೊಳವೆಗಳಲ್ಲಿ ಇಂಧನ ಆವಿಯಾಗಿ ನಿಂತಿರುತ್ತದೆ. ಮಿಕ್ಸ್ಚರ್ (ಇಂಧನದ ಪ್ರಮಾಣ ಹೊಂದಿಸುವ ಗುಂಡಿ) ಹಿಂದಕ್ಕೆಳೆದು, ಥ್ರಾಟಲ್ (ಎಂಜಿನ್ನಿನ ಶಕ್ತಿ ಹೊಂದಿಸುವ ಗುಂಡಿ) ಸ್ವಲ್ಪವೇ ತೆರೆದು ಸ್ಟಾರ್ಟರ್ ತಿರುಗಿಸಿ. ಎಂಜಿನ್ ಹಿಡಿದ ಕ್ಷಣ ಮಿಕ್ಸ್ಚರನ್ನು ನಯವಾಗಿ ಮುಂದೆ ತಳ್ಳಿ. ಬ್ಯಾಟರಿ ಸೋಲುವವರೆಗೆ ಸ್ಟಾರ್ಟರನ್ನು ಹಿಂಸಿಸಬೇಡಿ. ಕಾರ್ಬ್ಯುರೇಟರಿನ ಹಳೆಯ ಮಾದರಿಗಳಲ್ಲಿ ಈ ತೊಂದರೆ ಕಡಿಮೆ, ಬದಲಿಗೆ ಅಲ್ಲಿ ಮಂಜುಗಡ್ಡೆಯ ಭಯವಿದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಹೊರಗೆ 20 ಡಿಗ್ರಿ ಇದ್ದಾಗಲೂ ಕಾರ್ಬ್ಯುರೇಟರಿನೊಳಗೆ ಮಂಜು ಕಟ್ಟಬಹುದು. ಮೊದಲ ಸೂಚನೆ, ಕಾರಣವಿಲ್ಲದೆ ಕುಸಿಯುವ ಎಂಜಿನ್ನಿನ ಸುತ್ತುವೇಗ, ಅಂದರೆ ಆರ್‌ಪಿಎಂ. ಬಿಸಿಗಾಳಿಯ ಗುಂಡಿ ಎಳೆದಾಗ ಎಂಜಿನ್ ಮೊದಲು ಇನ್ನಷ್ಟು ಒರಟಾಗಿ, ಮಂಜು ಕರಗಿದ ಮೇಲೆ ಚೇತರಿಸಿಕೊಳ್ಳುತ್ತದೆ. ಆ ಒರಟುತನಕ್ಕೆ ಹೆದರಿ ಗುಂಡಿಯನ್ನು ವಾಪಸ್ ತಳ್ಳಬಾರದು.

ಈ ವಿಮಾನದ ಗಟ್ಟಿತನಕ್ಕೆ ಒಂದು ಹಳೆಯ ಸಾಕ್ಷಿ: 1958ರ ಡಿಸೆಂಬರಿನಲ್ಲಿ ಲಾಸ್ ವೇಗಸ್‌ನಿಂದ ಹೊರಟ ರಾಬರ್ಟ್ ಟಿಮ್ ಮತ್ತು ಜಾನ್ ಕುಕ್, ರಸ್ತೆಯ ಮೇಲೆ ಓಡುವ ಟ್ರಕ್ಕಿನಿಂದ ಇಂಧನ ಪಡೆಯುತ್ತಾ, 172ರಲ್ಲಿ 64 ದಿನಕ್ಕೂ ಹೆಚ್ಚು ಕಾಲ ಇಳಿಯದೆ ಹಾರಿದರು.

ಹಾರುವಾಗಿನ ವೇಗ ಸುಮಾರು 120 ನಾಟ್ (ಗಂಟೆಗೆ ಸುಮಾರು 220 ಕಿಲೋಮೀಟರ್). ಎದುರುಗಾಳಿ 30 ನಾಟ್ ಇದ್ದರೆ ಎರಡು ಗಂಟೆಯ ದಾರಿ ಎರಡು ಗಂಟೆ ನಲವತ್ತು ನಿಮಿಷ ಹಿಡಿಯುತ್ತದೆ. ಕೆಳಗಿನ ನೆಲ ಚೆನ್ನಾಗಿ ಕಾಣುವುದರಿಂದ ಜೊತೆಗೆ ಬಂದವರಿಗೆ ಬೇಸರವಾಗುವುದಿಲ್ಲ. ಪೈಲಟ್‌ಗೆ ಮಾತ್ರ ತಿರುಗುವ ದಿಕ್ಕಿನ ರೆಕ್ಕೆಯೇ ಅಡ್ಡವಾಗುತ್ತದೆ. ತಿರುಗುವ ಮೊದಲು ಆ ರೆಕ್ಕೆಯನ್ನು ತುಸು ಎತ್ತಿ ಆಚೆ ನೋಡುವ ಅಭ್ಯಾಸ ಬೇಕೇ ಬೇಕು.

ಸ್ಟಾಲ್ ಆಗುವ, ಅಂದರೆ ವೇಗ ತೀರಾ ಇಳಿದು ರೆಕ್ಕೆ ವಿಮಾನವನ್ನು ಹೊರಲಾಗದ ಸ್ಥಿತಿಗೆ ಬರುವ, ಐದರಿಂದ ಹತ್ತು ನಾಟ್ ಮುಂಚೆಯೇ ಎಡರೆಕ್ಕೆಯ ಮುಂಭಾಗದ ರಂಧ್ರದಿಂದ ಪೀಪಿಯಂಥ ದನಿ ಕೇಳತೊಡಗುತ್ತದೆ. ಇದಕ್ಕೆ ವಿದ್ಯುತ್ತಿನ ಹಂಗಿಲ್ಲ. ರೆಕ್ಕೆಯ ಮುಂದಿನ ಗಾಳಿಯ ಒತ್ತಡ ಕುಸಿದು, ಒಳಗಿನಿಂದ ಗಾಳಿ ಎಳೆದುಕೊಂಡಾಗ ತಾನಾಗಿ ಊದುತ್ತದೆ. ಇಡೀ ವಿಮಾನದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ಇಳಿಯುವಾಗ ಎಲ್ಲವೂ ವೇಗದ ಮೇಲೆ ನಿಂತಿದೆ. ಪೂರ್ತಿ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಹಲಗೆ) ಇಳಿಸಿ 65 ನಾಟ್‌ಗೆ ಬಂದರೆ ಮೃದುವಾಗಿ ಕೂರುತ್ತದೆ. 75ಕ್ಕೆ ಬಂದರೆ ರನ್‌ವೇ ಮೇಲೆ ತೇಲುತ್ತಲೇ ಹೋಗುತ್ತದೆ. ಆಗ ಬಲವಂತವಾಗಿ ನೆಲಕ್ಕೆ ಒತ್ತುವುದು ಅಪಾಯ, ಮುಂದಿನ ಚಕ್ರ ಆ ಪೆಟ್ಟನ್ನು ತಾಳಿಕೊಳ್ಳಲು ಮಾಡಿದ್ದಲ್ಲ. ಅದು ಮೊದಲು ನೆಲಕ್ಕೆ ಬಡಿದರೆ ಎಂಜಿನ್ನಿನ ಹಿಂದಿನ ತಗಡುಗೋಡೆ ಸುಕ್ಕಾಗುತ್ತದೆ. ಬಳಸಿದ ವಿಮಾನ ಕೊಳ್ಳುವವರು ಆ ಗೋಡೆಯನ್ನು ತಪ್ಪದೆ ಪರೀಕ್ಷಿಸಿ.

ಕೊರತೆಗಳು ಇಲ್ಲದಿಲ್ಲ. ಒಳಗೆ ಗದ್ದಲ ಬಹಳ, ಒಳ್ಳೆಯ ಹೆಡ್‌ಸೆಟ್ ಇಲ್ಲದೆ ಹಾರಬೇಡಿ. ಒಳಗಿನ ಬಿಸಿಗಾಳಿ ಬರುವುದು ಹೊಗೆಕೊಳವೆಯ ಸುತ್ತಲಿನ ಕವಚದಿಂದ. ಅಲ್ಲಿ ಸಣ್ಣ ಬಿರುಕು ಬಿಟ್ಟರೂ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳನುಗ್ಗಬಹುದು. ಈ ವಿಮಾನ ಸೂಚನೆ ಕೊಡದ ಅಪಾಯ ಇದು, ಆದ್ದರಿಂದ ಸದ್ದು ಮಾಡಿ ಎಚ್ಚರಿಸುವ ಎಲೆಕ್ಟ್ರಾನಿಕ್ ಪತ್ತೆಕಾರಕವನ್ನು ಜೊತೆಗೆ ಇಟ್ಟುಕೊಳ್ಳಿ. ಹಳೆಯ ವಿಮಾನಗಳಲ್ಲಿ ಸೀಟಿನ ಹಳಿಗಳ ತೂತು ಸವೆದು, ಮೇಲೇರುವಾಗ ಸೀಟು ಹಿಂದಕ್ಕೆ ಜಾರುವ ಸಾಧ್ಯತೆ ಇದೆ. ಆಗ ಪೈಲಟ್‌ನ ಕೈ ಹಿಡಿದದ್ದೆಲ್ಲ ಅವನ ಜೊತೆ ಹಿಂದಕ್ಕೆ ಬರುತ್ತದೆ. ಹಳಿಗಳ ತಪಾಸಣೆಯನ್ನು ಕಡ್ಡಾಯ ಮಾಡುವ ಆದೇಶ ಅಮೆರಿಕದಲ್ಲಿ 1987ರಲ್ಲೇ ಹೊರಟಿತ್ತು. ಬೆಲ್ಟ್ ಬಿಗಿದ ಮೇಲೆ ಸೀಟನ್ನು ಹಿಂದೆ ಮುಂದೆ ಜಗ್ಗಿ ನೋಡದೆ ನಾನು ಥ್ರಾಟಲ್ ಮುಟ್ಟುವುದಿಲ್ಲ.

ಒಬ್ಬರೇ ಅಥವಾ ಇಬ್ಬರು ಹಾರುವವರಿಗೆ, ಹೊಸದಾಗಿ ಪರವಾನಗಿ ಪಡೆದವರಿಗೆ, ಸಾಧಾರಣ ಉದ್ದದ ರನ್‌ವೇಗಳ ನಡುವೆ ಓಡಾಡುವವರಿಗೆ 172ಎಸ್‌ ಅನ್ನು ಅನುಮಾನವಿಲ್ಲದೆ ಶಿಫಾರಸು ಮಾಡುತ್ತೇನೆ. ನಾಲ್ಕು ಸೀಟೂ ತುಂಬಿಸಿ ದೂರ ಹೋಗುವುದು ನಿಮ್ಮ ನಿತ್ಯದ ಅಗತ್ಯವಾಗಿದ್ದರೆ 230 ಅಶ್ವಶಕ್ತಿಯ ಸೆಸ್ನಾ 182ಅನ್ನು ನೋಡಿ. ಇಂಧನದ ಖರ್ಚು ಹೆಚ್ಚು, ಪ್ರೊಪೆಲ್ಲರಿನ ನಿಯಂತ್ರಣವನ್ನೂ ಹೊಸದಾಗಿ ಕಲಿಯಬೇಕು, ಆದರೆ ಆ ಭಾರಕ್ಕೆ ಅದೇ ಸರಿ.